ಹಳೆಯ ನಿಧಿ, ಹೊಸ ನುಡಿ



ನಿಮ್ಮ ಧರ್ಮಕೇಂದ್ರದಲ್ಲಿ ಎಪ್ಪತ್ತೈದು ವರ್ಷ ದಾಟಿದ ಹಿರಿಯರಿದ್ದರೆ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು, "ನೀವು ಮಕ್ಕಳಾಗಿದ್ದಾಗ ಪೂಜೆ ಹೇಗಿತ್ತು?" ಎಂದು ಕೇಳಿ ನೋಡಿ. ಅವರ ನೆನಪು ಅರವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಗುರುಗಳು ಜನರಿಗೆ ಬೆನ್ನು ಮಾಡಿ, ಪೀಠದ ಕಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ಪ್ರಾರ್ಥನೆಗಳೆಲ್ಲವೂ ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದವು. ಪೀಠಸೇವೆಯ ಹುಡುಗರು ಅರ್ಥ ತಿಳಿಯದಿದ್ದರೂ ಲತೀನ್ ಉತ್ತರಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಜನರು ಕೈಯಲ್ಲಿ ಜಪಸರ ಹಿಡಿದು ತಮ್ಮ ಪಾಡಿಗೆ ತಾವು ಜಪಿಸುತ್ತಿದ್ದರು. ರೊಟ್ಟಿಯನ್ನು ಎತ್ತಿ ತೋರಿಸುವ ವೇಳೆಯಲ್ಲಿ ಗಂಟೆ ಬಾರಿಸಿದಾಗ ಇಡೀ ದೇವಾಲಯವೇ ತಲೆಬಾಗುತ್ತಿತ್ತು. ಆ ಮೌನದಲ್ಲಿ ದೇವರು ಇಳಿದು ಬಂದನೆಂಬ ಭಾವ ಯಾರಿಗೂ ತಪ್ಪುತ್ತಿರಲಿಲ್ಲ.

ಆಮೇಲೆ ಕೆಲವೇ ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ಗುರುಗಳು ಜನರ ಕಡೆಗೆ ತಿರುಗಿದರು. ಪೀಠವನ್ನು ಗೋಡೆಯಿಂದ ಮುಂದಕ್ಕೆ ತಂದರು. ಲತೀನ್ ಇದ್ದಲ್ಲಿ ಕನ್ನಡ ಬಂದಿತು, ಕೊಂಕಣಿ ಬಂದಿತು, ತಮಿಳು ಬಂದಿತು. ಇಂದು ನಮಗೆ ಅದು ಎಷ್ಟು ಸಹಜವೆಂದರೆ, ಅದಕ್ಕೂ ಮುಂಚೆ ಬೇರೊಂದು ರೀತಿ ಇತ್ತೆಂಬುದೇ ಮಕ್ಕಳಿಗೆ ಗೊತ್ತಿಲ್ಲ. ಆದರೆ ಅಂದು ಅನೇಕ ಭಕ್ತರು ಭಯಪಟ್ಟರು. "ಪೂಜೆಯ ಪಾವಿತ್ರ್ಯ ಉಳಿಯುತ್ತದೆಯೇ? ನಮ್ಮ ತಂದೆ ತಾಯಿಯರ ವಿಶ್ವಾಸವೇ ಬದಲಾಗುತ್ತಿದೆಯೇ?" ಎಂದು ಕೇಳಿದರು.

ಆ ಭಯವನ್ನು ನಾವು ಲಘುವಾಗಿ ಕಾಣಬಾರದು. ಬದಲಾವಣೆಯ ಭಯವು ಎಷ್ಟೋ ಸಲ ಪ್ರೀತಿಯ ಇನ್ನೊಂದು ಮುಖವಾಗಿರುತ್ತದೆ. ಪ್ರೀತಿಸದ ವಸ್ತುವನ್ನು ಕಳೆದುಕೊಳ್ಳುವ ಭಯ ಯಾರಿಗೂ ಇರುವುದಿಲ್ಲ. ಹಾಗಾದರೆ ವಿಶ್ವಾಸಿಯು ಈ ಭಯವನ್ನು ಹೇಗೆ ದಾಟಬೇಕು? ಧರ್ಮಸಭೆಯ ಇತಿಹಾಸವೇ ಇದಕ್ಕೆ ಉತ್ತರ ನೀಡುತ್ತದೆ. ಪೂಜೆಯ ಭಾಷೆ ಬದಲಾದ ಕಥೆಯನ್ನು ಹಿಡಿದು ಆ ಉತ್ತರವನ್ನು ಹುಡುಕೋಣ.

ಯೊಪ್ಪದ ಮಾಳಿಗೆಯ ಮೇಲೆ

ಬದಲಾವಣೆಗೆ ಮೊದಲು ಹೆದರಿದವರು ಸಾಮಾನ್ಯರಲ್ಲ, ಸಂತ ಪೇತ್ರರೇ. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಹತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಯೊಪ್ಪ ಪಟ್ಟಣದ ಒಂದು ಮನೆಯ ಮಾಳಿಗೆಯ ಮೇಲೆ ಮಧ್ಯಾಹ್ನದ ಹೊತ್ತಿನಲ್ಲಿ ಪೇತ್ರರು ಪ್ರಾರ್ಥಿಸುತ್ತಿದ್ದಾಗ ಅವರಿಗೆ ದರ್ಶನವಾಯಿತು. ನಾಲ್ಕು ಮೂಲೆಗಳನ್ನು ಹಿಡಿದು ಇಳಿಬಿಟ್ಟ ದೊಡ್ಡ ಬಟ್ಟೆಯಂತಿದ್ದ ಒಂದು ವಸ್ತುವಿನಲ್ಲಿ, ಯೆಹೂದ್ಯರು ಎಂದೂ ತಿನ್ನದ ಪ್ರಾಣಿಗಳಿದ್ದವು. ತಿನ್ನಬೇಕೆಂಬ ಆಜ್ಞೆ ಕೇಳಿಸಿತು. ಪೇತ್ರರು ಒಪ್ಪಲಿಲ್ಲ. ಹೀಗೆ ಮೂರು ಸಲ ಆಯಿತು. ಬಾಲ್ಯದಿಂದ ತಾಯಿಯ ಕೈಯಿಂದ ಕಲಿತದ್ದನ್ನು ಮರೆಯುವುದು ಪ್ರೇಷಿತರ ಮುಖ್ಯಸ್ಥರಿಗೂ ಸುಲಭವಾಗಿರಲಿಲ್ಲ.

ಅಷ್ಟರಲ್ಲಿ ಸೆಸರೇಯದಿಂದ ರೋಮನ್ ಶತಾಧಿಪತಿ ಕೊರ್ನೇಲಿಯನ ಆಳುಗಳು ಬಾಗಿಲಲ್ಲಿ ನಿಂತಿದ್ದರು. ಪೇತ್ರರು ಅವರ ಜೊತೆ ಹೊರಟರು. ಅನ್ಯಜನರ ಮನೆಯನ್ನು ಹೊಕ್ಕರು. ಆ ಮನೆಯವರ ಮೇಲೆ ಪವಿತ್ರಾತ್ಮರು ಇಳಿದು ಬಂದುದನ್ನು ಕಂಡರು. ಜೆರುಸಲೇಮಿಗೆ ಹಿಂದಿರುಗಿದಾಗ ಅಲ್ಲಿನ ಸಹೋದರರು ಅವರನ್ನು ತರಾಟೆಗೆ ತೆಗೆದುಕೊಂಡರು. ಪೇತ್ರರು ಅಧಿಕಾರದಿಂದ ಅವರ ಬಾಯಿ ಮುಚ್ಚಿಸಲಿಲ್ಲ. ನಡೆದುದನ್ನು ಮೊದಲಿನಿಂದ ಒಂದೊಂದಾಗಿ ವಿವರಿಸಿದರು. ಕೇಳಿದವರು ಶಾಂತರಾಗಿ ದೇವರನ್ನು ಸ್ತುತಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಲಾತ್ಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಇನ್ನೊಂದು ಘಟನೆಯನ್ನು ತಿಳಿಸುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನರಿಂದ ಬಂದ ಕ್ರೈಸ್ತರ ಜೊತೆ ಊಟಕ್ಕೆ ಕೂರುತ್ತಿದ್ದರು. ಜೆರುಸಲೇಮಿನಿಂದ ಯಾಕೋಬರ ಕಡೆಯ ಕೆಲವರು ಬಂದೊಡನೆ, ಅವರಿಗೆ ಹೆದರಿ ಹಿಂದೆ ಸರಿದರು. ಪೌಲರು ಅವರನ್ನು ಎಲ್ಲರ ಮುಂದೆಯೇ ಖಂಡಿಸಿದರು.

ಒಮ್ಮೆ ಗೆದ್ದ ಭಯವೂ ಮರಳಿ ಬರುತ್ತದೆ ಎಂಬುದನ್ನು ಪವಿತ್ರ ಗ್ರಂಥವು ಮುಚ್ಚಿಡದೆ ಹೇಳುತ್ತದೆ. ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ಪ್ರೇಷಿತರು ಮತ್ತು ಹಿರಿಯರು ಸಭೆ ಸೇರಿ, ಬಹಳ ಚರ್ಚೆಯ ನಂತರ, ಅನ್ಯಜನರ ಮೇಲೆ ಸುನ್ನತಿಯ ಹೊರೆಯನ್ನು ಹೊರಿಸಬಾರದೆಂದು ತೀರ್ಮಾನಿಸಿದರು. ಆ ತೀರ್ಮಾನವನ್ನು ಪತ್ರದ ಮೂಲಕ ಮಾತ್ರವಲ್ಲ, ಅದನ್ನು ಬಾಯಿಮಾತಿನಿಂದ ವಿವರಿಸಿ ಧೈರ್ಯ ಹೇಳಬಲ್ಲ ಇಬ್ಬರು ಸಹೋದರರ ಮೂಲಕವೂ ಕಳುಹಿಸಿದರು. ಭಯಪಟ್ಟವರಿಗೆ ಆಜ್ಞೆಯೊಂದೇ ಸಾಲದು, ಜೊತೆಯಲ್ಲಿ ಕುಳಿತು ಮಾತನಾಡುವವರು ಬೇಕೆಂಬುದನ್ನು ಧರ್ಮಸಭೆ ಮೊದಲ ದಿನಗಳಲ್ಲೇ ಅರಿತಿತ್ತು.

ಸೋರೆಬಳ್ಳಿಯ ಗಲಭೆ

ಲತೀನ್ ಭಾಷೆಯೇ ಪೂಜೆಯ ಮೂಲ ಭಾಷೆಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಪ್ರಭು ಯೇಸು ಆಡಿದ್ದು ಅರಮಾಯಿಕ್ ಭಾಷೆ. ರೋಮ್ ನಗರದ ಮೊದಲ ಕ್ರೈಸ್ತರು ಆರಾಧನೆಗೆ ಬಳಸಿದ್ದು ಗ್ರೀಕ್ ಭಾಷೆ. ಸಂತ ಪೌಲರು ರೋಮನರಿಗೆ ಪತ್ರ ಬರೆದದ್ದೂ ಗ್ರೀಕಿನಲ್ಲೇ. ಕಾಲ ಸರಿದಂತೆ ರೋಮಿನ ಜನಸಾಮಾನ್ಯರಿಗೆ ಗ್ರೀಕ್ ದೂರವಾಯಿತು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ, ಜಗದ್ಗುರು ದಮಾಸುಸರ ಕಾಲದಲ್ಲಿ, ಅಲ್ಲಿನ ಪೂಜೆ ಜನರ ಮಾತಾದ ಲತೀನಿಗೆ ತಿರುಗಿತ್ತು. ಅಂದರೆ ಲತೀನ್ ಕೂಡ ಒಂದು ಕಾಲದಲ್ಲಿ ಹೊಸತಾಗಿತ್ತು. ಜನರಿಗೆ ಅರ್ಥವಾಗಲೆಂದೇ ಬಂದಿತ್ತು.

ಅದೇ ದಮಾಸುಸರ ಆಶಯದಂತೆ ಸಂತ ಜೆರೋಮರು ಶುಭಸಂದೇಶಗಳ ಲತೀನ್ ಪಾಠವನ್ನು ಪರಿಷ್ಕರಿಸಲು ತೊಡಗಿ, ಮುಂದೆ ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂ ಮೂಲದಿಂದ ಅನುವಾದಿಸಿದರು. ಈ ಹೊಸ ಅನುವಾದವನ್ನು ಜನರು ಹೇಗೆ ಸ್ವೀಕರಿಸಿದರು? 403ರಲ್ಲಿ ಸಂತ ಅಗಸ್ಟೀನರು ಜೆರೋಮರಿಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗವಿದೆ. ಆಫ್ರಿಕಾದ ಓಯಾ ಎಂಬ ಪಟ್ಟಣದಲ್ಲಿ (ಇಂದು ಲಿಬಿಯದ ರಾಜಧಾನಿ ಟ್ರಿಪೋಲಿ ಇರುವ ಸ್ಥಳ) ಧರ್ಮಾಧ್ಯಕ್ಷರೊಬ್ಬರು ಪ್ರವಾದಿ ಯೋನನ ಗ್ರಂಥವನ್ನು ಹೊಸ ಅನುವಾದದಲ್ಲಿ ಓದಿಸಿದರು. ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು ಬದಲಾಗಿತ್ತು. ಹಳೆಯ ಪಾಠದಲ್ಲಿ ಸೋರೆಬಳ್ಳಿ ಎಂದಿದ್ದಲ್ಲಿ ಜೆರೋಮರು ಗೋಡೆಗೆ ಹಬ್ಬುವ ಬೇರೊಂದು ಬಳ್ಳಿಯ ಹೆಸರನ್ನು ಬರೆದಿದ್ದರು. ಅಷ್ಟಕ್ಕೇ ದೇವಾಲಯದಲ್ಲಿ ಗಲಭೆ ಎದ್ದಿತು. ತಲತಲಾಂತರದಿಂದ ಕೇಳಿದ ಶಬ್ದವನ್ನು ಕೆಡಿಸಿದರೆಂದು ಜನರು ಕೂಗಿದರು. ತನ್ನ ಜನರನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದ ಧರ್ಮಾಧ್ಯಕ್ಷರು ಹಳೆಯ ಶಬ್ದಕ್ಕೇ ಹಿಂದಿರುಗಬೇಕಾಯಿತು.

ಒಂದು ಬಳ್ಳಿಯ ಹೆಸರಿಗೆ ಇಷ್ಟು ಕೋಲಾಹಲವೇ ಎಂದು ನಾವು ನಗಬಹುದು. ಆದರೆ ನಾವು ಬಾಲ್ಯದಿಂದ ಹೇಳುವ ಪ್ರಾರ್ಥನೆಯಲ್ಲಿ ಒಂದು ಪದ ಬದಲಾದಾಗ ನಮ್ಮ ನಾಲಿಗೆ ತಡವರಿಸುವುದಿಲ್ಲವೇ? ಅಂದು ಜನರು ಅಷ್ಟು ಅನುಮಾನದಿಂದ ಕಂಡ ಜೆರೋಮರ ಅನುವಾದವೇ ಮುಂದೆ 'ವುಲ್ಗಾತ' ಎಂಬ ಹೆಸರಿನಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪಾಶ್ಚಾತ್ಯ ಧರ್ಮಸಭೆಯ ಬೈಬಲ್ ಆಗಿ ಉಳಿಯಿತು. ಹೊಸತೆಂದು ದೂರಿದ್ದೇ ಮೊಮ್ಮಕ್ಕಳ ಕಾಲಕ್ಕೆ ಪರಂಪರೆಯಾಯಿತು.

ಮೂರೇ ಭಾಷೆಗಳೆಂಬ ವಾದ

ಒಂಬತ್ತನೆಯ ಶತಮಾನದಲ್ಲಿ ಸಂತ ಸಿರಿಲ್ ಮತ್ತು ಸಂತ ಮೆಥೋಡಿಯುಸ್ ಎಂಬ ಸಹೋದರರು ಇದೇ ಭಯವನ್ನು ಎದುರಿಸಿದರು. ಮೊರಾವಿಯದ ಅರಸ ರಾಸ್ತಿಸ್ಲಾವನ ಕೋರಿಕೆಯ ಮೇರೆಗೆ 863ರಲ್ಲಿ ಅವರು ಸ್ಲಾವ್ ಜನರ ನಡುವೆ ಶುಭಸಂದೇಶ ಸಾರಲು ಹೋದರು. ಆ ಜನರ ಭಾಷೆಗೆ ಲಿಪಿಯೇ ಇರಲಿಲ್ಲ. ಸಿರಿಲರು ಲಿಪಿಯನ್ನು ರೂಪಿಸಿದರು. ಸಹೋದರರಿಬ್ಬರೂ ಸೇರಿ ಪವಿತ್ರ ಗ್ರಂಥದ ಭಾಗಗಳನ್ನೂ ಆರಾಧನೆಯ ಪ್ರಾರ್ಥನೆಗಳನ್ನೂ ಸ್ಲಾವೋನಿಕ್ ಭಾಷೆಗೆ ತಂದರು.

ವೆನಿಸ್ ನಗರದಲ್ಲಿ ಕೆಲವು ಯಾಜಕರು ಅವರನ್ನು ಸುತ್ತುವರಿದು ವಾದಿಸಿದರು. ಹೀಬ್ರೂ, ಗ್ರೀಕ್, ಲತೀನ್ ಈ ಮೂರೇ ಪವಿತ್ರ ಭಾಷೆಗಳು, ಬೇರೆ ಭಾಷೆಯಲ್ಲಿ ದೇವರನ್ನು ಆರಾಧಿಸಲಾಗದು ಎಂಬುದು ಅವರ ವಾದ. ಮಳೆ ಎಲ್ಲರ ಮೇಲೆಯೂ ಸುರಿಯುವುದಿಲ್ಲವೇ, ಸೂರ್ಯ ಎಲ್ಲರಿಗೂ ಬೆಳಗುವುದಿಲ್ಲವೇ ಎಂಬರ್ಥದಲ್ಲಿ ಸಿರಿಲರು ಉತ್ತರಿಸಿದರೆಂದು ಅವರ ಜೀವನ ಚರಿತ್ರೆ ತಿಳಿಸುತ್ತದೆ. ರೋಮಿಗೆ ಬಂದಾಗ ಜಗದ್ಗುರು ಎರಡನೇ ಆದ್ರಿಯಾನರು ಸ್ಲಾವೋನಿಕ್ ಗ್ರಂಥಗಳನ್ನು ಅಂಗೀಕರಿಸಿ ಆಶೀರ್ವದಿಸಿದರು. ಸಿರಿಲರು 869ರ ಫೆಬ್ರವರಿ 14ರಂದು ರೋಮಿನಲ್ಲೇ ದೈವಾಧೀನರಾದರು. ಮೆಥೋಡಿಯುಸರನ್ನು ಮಾತ್ರ ವಿರೋಧಿಗಳಾದ ಜರ್ಮನ್ ಧರ್ಮಾಧ್ಯಕ್ಷರು ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟರು. ಅವರೂ ಕ್ರೈಸ್ತರೇ, ಧರ್ಮಾಧ್ಯಕ್ಷರೇ ಎಂಬುದನ್ನು ನೆನೆದಾಗ, ಭಯವು ಅಧಿಕಾರದೊಡನೆ ಕೂಡಿದರೆ ಎಷ್ಟು ಕಠೋರವಾಗಬಲ್ಲದೆಂಬುದು ತಿಳಿಯುತ್ತದೆ. 1980ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಈ ಸಹೋದರರನ್ನು ಯೂರೋಪಿನ ಸಹಪಾಲಕ ಸಂತರೆಂದು ಘೋಷಿಸಿದರು.

ಹದಿನಾರನೆಯ ಶತಮಾನದಲ್ಲಿ ಧರ್ಮಸಭೆ ಒಡೆದ ನೋವಿನ ನಡುವೆ ಟ್ರೆಂಟ್ ಮಹಾಸಭೆ ಸೇರಿತು. ಪೂಜೆಯನ್ನು ಎಲ್ಲೆಡೆ ಜನರ ಭಾಷೆಯಲ್ಲಿ ನಡೆಸುವುದು ಆ ಕಾಲಕ್ಕೆ ಉಚಿತವಲ್ಲವೆಂದು ಅದು 1562ರಲ್ಲಿ ತೀರ್ಮಾನಿಸಿತು. ಆದರೆ ಜನರು ಹಸಿದು ಹೋಗಬಾರದೆಂದು, ಗುರುಗಳು ಪೂಜೆಯ ಅರ್ಥವನ್ನು ಆಗಾಗ ವಿವರಿಸಬೇಕೆಂದೂ ಆದೇಶಿಸಿತು. ಲತೀನ್ ಪೂಜೆ ಮುಂದಿನ ನಾಲ್ಕು ಶತಮಾನ ಹಾಗೆಯೇ ನಡೆಯಿತು. ಅದು ಅಸಂಖ್ಯ ಸಂತರನ್ನು ಬೆಳೆಸಿತು. ಅದನ್ನು ಪ್ರೀತಿಸಿದವರು ತಪ್ಪು ಮಾಡಲಿಲ್ಲ.

ಹದಿನೇಳು ಕಾರ್ಡಿನಲರ ಮೌನ

1958ರ ಅಕ್ಟೋಬರ್ 28ರಂದು ಜಗದ್ಗುರುಗಳಾಗಿ ಆಯ್ಕೆಯಾದಾಗ 23ನೇ ಜಾನರಿಗೆ 76 ವರ್ಷ ವಯಸ್ಸಾಗಿತ್ತು. ಈ ವಯೋವೃದ್ಧರು ಇದ್ದುದನ್ನು ಇದ್ದಂತೆ ನೋಡಿಕೊಂಡು ಹೋಗುತ್ತಾರೆಂದು ಅನೇಕರು ಭಾವಿಸಿದ್ದರು. ಮೂರೇ ತಿಂಗಳಲ್ಲಿ, 1959ರ ಜನವರಿ 25ರಂದು, ರೋಮಿನ ಸಂತ ಪೌಲರ ಮಹಾದೇವಾಲಯದಲ್ಲಿ ನೆರೆದಿದ್ದ 17 ಮಂದಿ ಕಾರ್ಡಿನಲರ ಮುಂದೆ ಅವರು ಒಂದು ಮಹಾಸಭೆಯನ್ನು ಕರೆಯುವುದಾಗಿ ಪ್ರಕಟಿಸಿದರು. ಕಾರ್ಡಿನಲರು ಮೌನವಾಗಿ ಕುಳಿತಿದ್ದರು. ಅಭಿನಂದನೆಯ ಮಾತನ್ನು ನಿರೀಕ್ಷಿಸಿದ್ದ ಜಗದ್ಗುರುಗಳು ಆ ಮೌನವನ್ನು ಬಹುಕಾಲ ಮರೆಯಲಿಲ್ಲ.

1962ರ ಅಕ್ಟೋಬರ್ 11ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗತ್ತಿನ ಎಲ್ಲ ಖಂಡಗಳಿಂದ ಬಂದ ಸುಮಾರು 2,500 ಧರ್ಮಾಧ್ಯಕ್ಷರು ಮಹಾಸಭೆಗೆ ಕೂಡಿದರು. ಆರಂಭದ ಭಾಷಣದಲ್ಲಿ ಜಗದ್ಗುರುಗಳು ಎರಡು ವಿಷಯಗಳನ್ನು ಸ್ಪಷ್ಟಪಡಿಸಿದರು. ಕಾಲ ಕೆಟ್ಟಿತು, ಎಲ್ಲವೂ ನಾಶದತ್ತ ಸಾಗುತ್ತಿದೆ ಎಂದು ಸದಾ ಕೇಡನ್ನೇ ನುಡಿಯುವವರ ಮಾತನ್ನು ತಾವು ಒಪ್ಪುವುದಿಲ್ಲ ಎಂಬುದು ಮೊದಲನೆಯದು. ವಿಶ್ವಾಸದ ನಿಧಿಯೇ ಬೇರೆ, ಅದನ್ನು ವ್ಯಕ್ತಪಡಿಸುವ ರೀತಿಯೇ ಬೇರೆ ಎಂಬುದು ಎರಡನೆಯದು. ನಿಧಿ ಬದಲಾಗದು, ಆದರೆ ಅದನ್ನು ಪ್ರತಿಯೊಂದು ಕಾಲದ ಜನರಿಗೂ ತಲುಪುವಂತೆ ಹೇಳುವುದು ಧರ್ಮಸಭೆಯ ಕರ್ತವ್ಯ.

ಈ ವಿವೇಚನೆಯನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೀರು ಬೇರೆ, ಕೊಡ ಬೇರೆ. ಕೊಡವನ್ನೇ ನೀರೆಂದು ತಿಳಿದವನಿಗೆ ಕೊಡ ಬದಲಾದರೆ ಜೀವವೇ ಹೋದಂತೆ ಆಗುತ್ತದೆ. ನೀರನ್ನು ಬಲ್ಲವನು ಕೊಡವನ್ನು ಬದಲಿಸುವಾಗ ಒಂದು ಹನಿಯೂ ಚೆಲ್ಲದಂತೆ ಎಚ್ಚರ ವಹಿಸುತ್ತಾನೆ.

ಹಳೆಯ ಕಾವಲುಗಾರ

ಮಹಾಸಭೆ ಮೊದಲು ಚರ್ಚೆಗೆ ಎತ್ತಿಕೊಂಡದ್ದು ಆರಾಧನೆಯ ವಿಷಯವನ್ನೇ. ಪೌರ್ವಾತ್ಯ ವಿಧಿಯ ಪಿತೃಪ್ರಧಾನರಾದ ನಾಲ್ಕನೇ ಮ್ಯಾಕ್ಸಿಮೋಸರು ಎಲ್ಲರಂತೆ ಲತೀನಿನಲ್ಲಿ ಮಾತನಾಡದೆ ಫ್ರೆಂಚ್ ಭಾಷೆಯಲ್ಲಿ ಎದ್ದು ನಿಂತು, ಕ್ರಿಸ್ತನೂ ತನ್ನ ಕಾಲದ ಜನರ ಭಾಷೆಯಲ್ಲೇ ಮಾತನಾಡಿದನೆಂದು ನೆನಪಿಸಿದರು. ಅವರ ಮೆಲ್ಕೈಟ್ ಸಭೆಯಲ್ಲಿ ಅರಬ್ಬಿ ಭಾಷೆಯಲ್ಲಿ ಪೂಜೆ ನಡೆಯುವುದು ಹೊಸತೇನೂ ಆಗಿರಲಿಲ್ಲ.

ಇನ್ನೊಂದು ಕಡೆ ಕಾರ್ಡಿನಲ್ ಆಲ್ಫ್ರೆದೋ ಒತ್ತಾವಿಯಾನಿಯವರು ಇದ್ದರು. ರೋಮಿನ ಬಡವರ ಬಡಾವಣೆಯಾಗಿದ್ದ ತ್ರಾಸ್ತೆವೆರೆಯಲ್ಲಿ ರೊಟ್ಟಿ ಸುಡುವವನ ಮಗನಾಗಿ ಹುಟ್ಟಿ, ವಿಶ್ವಾಸದ ಸಿದ್ಧಾಂತವನ್ನು ಕಾಯುವ ಪವಿತ್ರ ಕಚೇರಿಯ ಮುಖ್ಯಸ್ಥರಾಗಿದ್ದವರು ಅವರು. ಆ ಹೊತ್ತಿಗೆ ಅವರ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಎಂದೆಂದೂ ಬದಲಾಗದೆ ಇರುವುದು ಎಂಬರ್ಥದ ಮಾತೇ ಅವರ ಧ್ಯೇಯವಾಕ್ಯ. 1962ರ ಅಕ್ಟೋಬರ್ 30ರಂದು ಅವರು ಆವೇಶದಿಂದ ಮಾತನಾಡಿ, ಇಷ್ಟು ಪೂಜ್ಯವಾದ ವಿಧಿಯನ್ನು ಹೀಗೆ ಬದಲಿಸಿದರೆ ಸಾಮಾನ್ಯ ಜನರ ಮನಸ್ಸು ಕಲಕುವುದಿಲ್ಲವೇ ಎಂದು ಪ್ರಶ್ನಿಸಿದರು. ನಿಗದಿಯಾದ ಸಮಯ ಮೀರಿತು. ಅಂದಿನ ಅಧ್ಯಕ್ಷರು ಧ್ವನಿವರ್ಧಕವನ್ನು ನಿಲ್ಲಿಸಿದರು. ಕಾಗದ ನೋಡಲಾಗದೆ ನೆನಪಿನಿಂದಲೇ ಮಾತನಾಡುತ್ತಿದ್ದ ವೃದ್ಧರು ತಮ್ಮ ದನಿ ಯಾರಿಗೂ ಕೇಳಿಸುತ್ತಿಲ್ಲವೆಂದು ಅರಿತು ಕುಳಿತುಕೊಂಡರು. ಆಗ ಕೆಲವು ಧರ್ಮಾಧ್ಯಕ್ಷರು ಚಪ್ಪಾಳೆ ತಟ್ಟಿದರು. ಬದಲಾವಣೆಯನ್ನು ಬಯಸಿದವರ ಕಡೆಯೂ ಪ್ರೀತಿ ಸೋತ ಗಳಿಗೆಯದು.

ಆದರೆ ಆ ವೃದ್ಧರು ಮುಂದೆ ಪತ್ರಿಕಾ ಸಂದರ್ಶನವೊಂದರಲ್ಲಿ ಹೇಳಿದ ಮಾತಿನ ಸಾರ ಹೀಗಿದೆ: ತಾವು ಬಂಗಾರದ ಭಂಡಾರವನ್ನು ಕಾಯುವ ಹಳೆಯ ಸಿಪಾಯಿ. ಕಾನೂನು ಬದಲಾಗುತ್ತದೆ ಎಂದರೆ ಹಳೆಯ ಸಿಪಾಯಿಯು ಅದನ್ನು ತಡೆಯಲು ಯತ್ನಿಸುವುದು ಸಹಜ. ಆದರೆ ಬದಲಾದ ಮೇಲೆ, ಹೊಸತನ್ನೂ ಭಂಡಾರಕ್ಕೆ ಸೇರಿದ್ದೆಂದು ಕಾಯುವ ಬಲವನ್ನು ದೇವರು ಅವನಿಗೆ ಕೊಡುತ್ತಾನೆ. 1969ರಲ್ಲಿ ಹೊಸ ಪೂಜಾವಿಧಿಯ ಬಗ್ಗೆ ತಮ್ಮ ಆತಂಕವನ್ನು ಜಗದ್ಗುರುಗಳಿಗೆ ಬರೆದ ಪತ್ರಕ್ಕೂ ಅವರು ಸಹಿ ಹಾಕಿದರು. ಭಯವನ್ನು ಮುಚ್ಚಿಡಲಿಲ್ಲ; ಮನೆಯನ್ನೂ ಬಿಡಲಿಲ್ಲ. 1979ರಲ್ಲಿ ಧರ್ಮಸಭೆಯ ಮಡಿಲಲ್ಲೇ ಕಣ್ಮುಚ್ಚಿದರು.

23ನೇ ಜಾನರು 1963ರ ಜೂನ್ 3ರಂದು ತೀರಿಕೊಂಡಿದ್ದರು. ಅವರ ನಂತರ ಬಂದ ಆರನೇ ಪೌಲರು ಮಹಾಸಭೆಯನ್ನು ಮುಂದುವರಿಸಿದರು. 1963ರ ಡಿಸೆಂಬರ್ 4ರಂದು, ಅಂದರೆ ಟ್ರೆಂಟ್ ಮಹಾಸಭೆ ಮುಗಿದು ಸರಿಯಾಗಿ 400 ವರ್ಷ ತುಂಬಿದ ದಿನ, ಪವಿತ್ರ ಆರಾಧನೆಯನ್ನು ಕುರಿತ ಶಾಸನಕ್ಕೆ ಅಂತಿಮ ಮತದಾನವಾಯಿತು. ಪರವಾಗಿ 2,147 ಮತಗಳು, ವಿರುದ್ಧವಾಗಿ ಕೇವಲ 4. ಒಂದು ವರ್ಷದ ಪ್ರಾರ್ಥನೆ, ವಾದ, ತಿದ್ದುಪಡಿಗಳ ಫಲವಾಗಿ ಈ ಒಮ್ಮತ ಮೂಡಿತ್ತು. ಆ ಶಾಸನವು ಲತೀನನ್ನು ಹೊರಗೆ ಹಾಕಲಿಲ್ಲ. ಅದನ್ನು ಉಳಿಸಿಕೊಳ್ಳಬೇಕೆಂದೇ ಹೇಳಿ, ಜನರ ಭಾಷೆಗೂ ಬಾಗಿಲು ತೆರೆಯಿತು. 1965ರ ಮಾರ್ಚ್ 7ರಂದು, ತಪಸ್ಸುಕಾಲದ ಮೊದಲ ಭಾನುವಾರ, ಆರನೇ ಪೌಲರು ರೋಮಿನ ಸಕಲ ಸಂತರ ಧರ್ಮಕೇಂದ್ರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಪೂಜೆಯನ್ನು ಅರ್ಪಿಸಿದರು.

ನಮ್ಮ ನಾಡಿನಲ್ಲಿ

ಕರ್ನಾಟಕದ ನೆಲದಲ್ಲಿ ಕನ್ನಡ ನುಡಿಗೂ ಶುಭಸಂದೇಶಕ್ಕೂ ಇದ್ದ ನಂಟು ಮಹಾಸಭೆಗಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಕನ್ನಡ ಕಲಿತು ಕನ್ನಡದಲ್ಲಿ ಧರ್ಮಬೋಧನೆ ಮಾಡಿದರು. ಬೋಧನೆ ಜನರ ಭಾಷೆಯಲ್ಲಿತ್ತು, ಹಾಡು ಜನರ ಭಾಷೆಯಲ್ಲಿತ್ತು. ಪೂಜೆಯ ಪ್ರಾರ್ಥನೆಗಳು ಮಾತ್ರ ಆ ಭಾಷೆಗೆ ಬರಲು ಮೂರು ಶತಮಾನ ಕಾಯಬೇಕಾಯಿತು.

ಮಹಾಸಭೆಯ ನಂತರ ಬೆಂಗಳೂರು ಇಡೀ ಭಾರತದ ಧರ್ಮಸಭೆಗೆ ಒಂದು ಕೇಂದ್ರವಾಯಿತು. ವಂದನೀಯ ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಾಗಿ ರಾಷ್ಟ್ರೀಯ ಕೇಂದ್ರವೊಂದು ಇಲ್ಲಿ ತಲೆಯೆತ್ತಿತು. ಅವರ ಅಣ್ಣ, ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಡಿ. ಎಸ್. ಲೂರ್ದುಸ್ವಾಮಿಯವರು ಆರಾಧನೆಯ ನವೀಕರಣದಲ್ಲಿ ಮುಂಚೂಣಿಯಲ್ಲಿದ್ದರು. 1969ರ ಏಪ್ರಿಲ್ 25ರಂದು ರೋಮ್ ಭಾರತಕ್ಕೆ ಹನ್ನೆರಡು ಅಂಶಗಳ ಅನುಮತಿಯನ್ನು ನೀಡಿತು. ಪೂಜೆಯಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಮೊಣಕಾಲೂರುವ ಬದಲು ಕೈಮುಗಿದು ತಲೆಬಾಗುವುದು, ಪಂಚಾಂಗ ಪ್ರಣಾಮ, ಮೇಣದಬತ್ತಿಗೆ ಬದಲಾಗಿ ಎಣ್ಣೆಯ ದೀಪ, ಹೂವು ಧೂಪಗಳ ಆರತಿ, ಗುರುಗಳಿಗೆ ಸರಳ ನಿಲುವಂಗಿ ಮತ್ತು ಶಾಲು ಇವು ಅದರಲ್ಲಿ ಇದ್ದವು.

ಇದಕ್ಕೆ ಪ್ರತಿಭಟನೆಯೂ ಬಂದಿತು. ಆರತಿ, ಪ್ರಣಾಮ, ದೀಪ ಇವು ಅನ್ಯಧರ್ಮದ ಗುರುತುಗಳಲ್ಲವೇ, ನಮ್ಮ ಪೂರ್ವಜರು ಬಿಟ್ಟು ಬಂದುದಕ್ಕೆ ನಾವು ಮರಳಬೇಕೇ ಎಂದು ಅನೇಕ ಭಕ್ತರು ಕೇಳಿದರು. ಅದು ಹುಸಿ ಪ್ರಶ್ನೆಯಾಗಿರಲಿಲ್ಲ. ಕೆಲವು ಕಡೆ ಸರಿಯಾಗಿ ವಿವರಿಸದೆ, ಜನರನ್ನು ಸಿದ್ಧಪಡಿಸದೆ ಹೊಸತನ್ನು ಹೇರಿದ್ದೂ ಉಂಟು. ಯಾವ ಧರ್ಮಕೇಂದ್ರದಲ್ಲಿ ಯಾವ ಭಾಷೆಯ ಪೂಜೆ ಎಂಬ ಪ್ರಶ್ನೆಯಂತೂ ಬಹುಭಾಷಿಕರಾದ ನಮ್ಮ ನಡುವೆ ನೋವಿನ ವಿವಾದಗಳನ್ನೇ ತಂದಿತು. ಇವನ್ನು ಮರೆಮಾಚಿ ಇತಿಹಾಸ ಬರೆಯಲಾಗದು.

ಆದರೆ ಇಂದು ನಮ್ಮ ಮನೆಗಳನ್ನು ನೋಡಿ. ಹಬ್ಬದ ದಿನ ದೇವಾಲಯದಲ್ಲಿ ದೀಪ ಬೆಳಗಿಸುವಾಗ ಯಾರಿಗೂ ಅಳುಕಿಲ್ಲ. ಅಜ್ಜಿಯ ಅಂತ್ಯಕ್ರಿಯೆಯಲ್ಲಿ ಮೊಮ್ಮಗಳು ಕನ್ನಡದಲ್ಲಿ ವಾಚನ ಓದುವಾಗ ಇಡೀ ಕುಟುಂಬಕ್ಕೆ ಅದು ಅರ್ಥವಾಗುತ್ತದೆ, ಕಣ್ಣು ತುಂಬುತ್ತದೆ. ಯಾವುದನ್ನು ಕಂಡು ಹಿರಿಯರು ಹೆದರಿದರೋ ಅದನ್ನು ಕಳೆದುಕೊಳ್ಳಲು ನಾವಿಂದು ಹೆದರುತ್ತೇವೆ. ನಮ್ಮ ಮಕ್ಕಳು ಇಂಗ್ಲಿಷ್ ಪೂಜೆಯನ್ನೇ ಬಯಸಿದಾಗ, "ಕನ್ನಡದ ಪೂಜೆ ಉಳಿಯುವುದೇ?" ಎಂದು ಕೇಳುವವರು ನಾವೇ ಅಲ್ಲವೇ?

ಎರಡು ದಾರಿಗಳು

1969ರ ನವೆಂಬರ್ 30ರಂದು, ಆಗಮನಕಾಲದ ಮೊದಲ ಭಾನುವಾರದಿಂದ, ಹೊಸ ಪೂಜಾವಿಧಿ ಜಾರಿಗೆ ಬರುವುದಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ ಆರನೇ ಪೌಲರು ಜನರನ್ನು ಉದ್ದೇಶಿಸಿ ಮಾತನಾಡಿದರು. ಇದರಿಂದ ಯಾರಿಗೂ ನೋವಾಗದು ಎಂದು ಅವರು ಹೇಳಲಿಲ್ಲ. ಹೆಚ್ಚು ಕಲಕುವುದು ಭಕ್ತಿವಂತರ ಮನಸ್ಸೇ ಎಂದರು. ಶತಮಾನಗಳ ಭಾಷೆಯನ್ನು ಬಿಟ್ಟುಕೊಡುವುದು ದೊಡ್ಡ ತ್ಯಾಗವೆಂದು ಒಪ್ಪಿಕೊಂಡರು. ಆದರೂ ಸರಳ ಜನರು ಪ್ರಾರ್ಥನೆಯನ್ನು ಅರಿತು ಅದರಲ್ಲಿ ಪಾಲ್ಗೊಳ್ಳುವುದು ಆ ಸೊಬಗಿಗಿಂತ ಬೆಲೆಯುಳ್ಳದ್ದೆಂದು ವಿವರಿಸಿದರು. ಕಳೆದುಕೊಳ್ಳುವುದನ್ನು ಹೆಸರಿಟ್ಟು ಹೇಳಿ, ಪಡೆಯುವುದನ್ನು ತೋರಿಸಿಕೊಟ್ಟ ತಂದೆಯ ಮಾತು ಅದು.

ಎಲ್ಲರೂ ಆ ಮಾತನ್ನು ಸ್ವೀಕರಿಸಲಿಲ್ಲ. ಆಫ್ರಿಕಾದಲ್ಲಿ ದೀರ್ಘಕಾಲ ಮಿಷನರಿಯಾಗಿ ದುಡಿದಿದ್ದ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆವ್ರರು 1970ರಲ್ಲಿ ತಮ್ಮದೇ ಯಾಜಕ ಸಂಘವನ್ನು ಸ್ಥಾಪಿಸಿ ಹಳೆಯ ವಿಧಿಯನ್ನೇ ಮುಂದುವರಿಸಿದರು. ರೋಮಿನೊಡನೆ ನಡೆದ ಮಾತುಕತೆ ಮುರಿದುಬಿತ್ತು. 1988ರ ಜೂನ್ 30ರಂದು ಜಗದ್ಗುರುಗಳ ಅನುಮತಿಯಿಲ್ಲದೆ ನಾಲ್ವರನ್ನು ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿ ಬಹಿಷ್ಕಾರಕ್ಕೆ ಒಳಗಾದರು. ಆ ನಾಲ್ವರ ಮೇಲಿನ ಬಹಿಷ್ಕಾರವನ್ನು 2009ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ತೆರವುಗೊಳಿಸಿದರು. ಹಳೆಯ ವಿಧಿಯ ಪೂಜೆಗೆ ಅವರು 2007ರಲ್ಲಿ ವಿಶಾಲವಾದ ಅವಕಾಶ ಕೊಟ್ಟರು. 2021ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮಸಭೆಯ ಏಕತೆಯ ದೃಷ್ಟಿಯಿಂದ ಅದನ್ನು ಮತ್ತೆ ಮಿತಗೊಳಿಸಿದರು. ಅರ್ಧ ಶತಮಾನ ಕಳೆದ ಮೇಲೂ ಈ ಗಾಯ ಮಾಯಲಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಒತ್ತಾವಿಯಾನಿಯವರಿಗೂ ಲೆಫೆವ್ರರಿಗೂ ಇದ್ದ ಭಯ ಹೆಚ್ಚು ಕಡಿಮೆ ಒಂದೇ. ಇಬ್ಬರೂ ಪೂಜೆಯನ್ನು ಪ್ರೀತಿಸಿದರು. ಇಬ್ಬರೂ ತಮ್ಮ ಆತಂಕವನ್ನು ಹೇಳಿದರು. ಒಬ್ಬರು ತಮ್ಮ ಭಯವನ್ನು ಮನೆಯೊಳಗೇ ಇಟ್ಟುಕೊಂಡು, ದೇವರು ತನಗಿಂತ ಚೆನ್ನಾಗಿ ತನ್ನ ಸಭೆಯನ್ನು ಕಾಯುತ್ತಾನೆಂದು ನಂಬಿದರು. ಇನ್ನೊಬ್ಬರು ತಾವು ಕಾಯದಿದ್ದರೆ ಸಭೆಯೇ ಉಳಿಯದೆಂದು ಭಾವಿಸಿದರು. ವಿಶ್ವಾಸವು ಭಯವನ್ನು ತೊಡೆದು ಹಾಕುತ್ತದೆಂದು ಹೇಳಲಾಗದು. ಭಯಪಟ್ಟಾಗ ಯಾರ ಬಳಿ ನಿಲ್ಲಬೇಕೆಂಬುದನ್ನು ಅದು ತಿಳಿಸುತ್ತದೆ.

ನಮ್ಮ ಮನೆಯಂಗಳದಲ್ಲಿ

ಪ್ರಿಯ ಓದುಗರೇ, ಬದಲಾವಣೆಯ ಪ್ರಶ್ನೆ ದೇವಾಲಯಕ್ಕಷ್ಟೇ ಸೀಮಿತವಲ್ಲ. ಮಗ ಹೊರದೇಶಕ್ಕೆ ಹೊರಟು ನಿಲ್ಲುತ್ತಾನೆ. ಸೊಸೆ ಬೇರೆ ಭಾಷೆಯ ಮನೆಯಿಂದ ಬರುತ್ತಾಳೆ. ಹುಟ್ಟಿದ ಊರನ್ನು ಬಿಟ್ಟು ನಗರದ ಹೊಸ ಧರ್ಮಕೇಂದ್ರದಲ್ಲಿ ಪರಿಚಯವಿಲ್ಲದವರ ನಡುವೆ ಮೊಣಕಾಲೂರಬೇಕಾಗುತ್ತದೆ. ಸಂಜೆಯ ಜಪಸರಕ್ಕೆ ಎಲ್ಲರೂ ಒಂದೇ ಹೊತ್ತಿಗೆ ಸೇರುವುದು ಕಷ್ಟವಾಗುತ್ತದೆ. ಆಗ ಮೇಲಿನ ಇತಿಹಾಸ ನಮಗೆ ಮೂರು ಮಾತುಗಳನ್ನು ಕಲಿಸುತ್ತದೆ.

ಮೊದಲನೆಯದಾಗಿ, ನಿಧಿ ಯಾವುದು, ಅದನ್ನಿಟ್ಟ ಪಾತ್ರೆ ಯಾವುದು ಎಂಬುದನ್ನು ಪ್ರಾರ್ಥನೆಯಲ್ಲಿ ವಿವೇಚಿಸಬೇಕು. ಕುಟುಂಬ ಒಂದಾಗಿ ದೇವರ ಮುಂದೆ ಕೂರುವುದು ನಿಧಿ. ಸಂಜೆ ಏಳು ಗಂಟೆಯೆಂಬುದು ಪಾತ್ರೆ. ಏಳು ಗಂಟೆಯನ್ನು ಉಳಿಸಲು ಹೋಗಿ ಜಪವನ್ನೇ ಕಳೆದುಕೊಂಡ ಮನೆಗಳಿವೆ. ಗಂಟೆ ಬದಲಾಯಿತೆಂಬ ನೆಪದಲ್ಲಿ ಜಪವನ್ನೇ ಕೈಬಿಟ್ಟ ಮನೆಗಳೂ ಇವೆ. ಎರಡೂ ನಷ್ಟವೇ.

ಎರಡನೆಯದಾಗಿ, ಭಯಪಟ್ಟವರನ್ನು ಹೀಯಾಳಿಸಬಾರದು. ಧ್ವನಿವರ್ಧಕ ನಿಲ್ಲಿಸಿ ಚಪ್ಪಾಳೆ ತಟ್ಟುವುದರಿಂದ ಯಾರ ಭಯವೂ ಹೋಗುವುದಿಲ್ಲ. ಮನೆಯ ಹಿರಿಯರು ಹೊಸತನ್ನು ಒಪ್ಪದಿದ್ದಾಗ, ಅವರು ಏನನ್ನು ಪ್ರೀತಿಸುತ್ತಿದ್ದಾರೆ ಎಂಬುದನ್ನು ಮೊದಲು ಕೇಳೋಣ. ಪೇತ್ರರಂತೆ ಮೊದಲಿನಿಂದ ಒಂದೊಂದಾಗಿ ವಿವರಿಸೋಣ.

ಮೂರನೆಯದಾಗಿ, ಭಯಪಟ್ಟವರು ಮನೆಯನ್ನು ಬಿಟ್ಟು ಹೋಗಬಾರದು. ಆತಂಕವನ್ನು ಬಾಯಿಬಿಟ್ಟು ಹೇಳಬಹುದು, ಅದು ಅವಿಧೇ­ಯತೆಯಲ್ಲ. ಆದರೆ ಹೇಳಿದ ಮೇಲೆ, ಪವಿತ್ರಾತ್ಮರು ನಮ್ಮ ಭಯಕ್ಕಿಂತ ದೊಡ್ಡವರೆಂದು ನಂಬಿ, ಸಹೋದರರ ಜೊತೆಯಲ್ಲೇ ಉಳಿಯಬೇಕು.

ಮುಂದಿನ ಭಾನುವಾರ ಪೂಜೆಯಲ್ಲಿ ನಿಮ್ಮ ಕಿವಿಗೊಟ್ಟು ಕೇಳಿ. ಕನ್ನಡದ ಪ್ರಾರ್ಥನೆಗಳ ನಡುವೆ 'ಆಮೆನ್', 'ಅಲ್ಲೆಲೂಯ', 'ಹೊಸಾನ್ನ' ಎಂಬ ಹೀಬ್ರೂ ಮೂಲದ ಪದಗಳು ಇನ್ನೂ ಉಳಿದಿವೆ. ಗ್ರೀಕ್ ಬಂದಾಗ ಅವು ಹೋಗಲಿಲ್ಲ, ಲತೀನ್ ಬಂದಾಗ ಹೋಗಲಿಲ್ಲ, ಕನ್ನಡ ಬಂದಾಗಲೂ ಹೋಗಲಿಲ್ಲ. ಪ್ರಭು ಯೇಸುವೇ ಬಾಲ್ಯದಲ್ಲಿ ತಾಯಿ ಮರಿಯಮ್ಮನವರ ಜೊತೆ ಆಡಿದ 'ಆಮೆನ್' ಎಂಬ ಆ ಒಂದು ಪದವನ್ನು ಎಷ್ಟು ಪೀಳಿಗೆಗಳು, ಎಷ್ಟು ಭಾಷೆಗಳ ನಡುವೆ ಜೋಪಾನವಾಗಿ ದಾಟಿಸಿ ನಮ್ಮ ಬಾಯಿಗೆ ತಂದು ಕೊಟ್ಟಿವೆ!

ತನ್ನ ಭಂಡಾರದಿಂದ ಹೊಸತನ್ನೂ ಹಳತನ್ನೂ ಹೊರತರುವ ಮನೆಯ ಯಜಮಾನನ ಬಗ್ಗೆ ಪ್ರಭು ಹೇಳಿದರು. ಎರಡನ್ನೂ ಹೊರತರುವ ಧೈರ್ಯವನ್ನೂ, ಎರಡನ್ನೂ ಪ್ರೀತಿಸುವ ಮನಸ್ಸನ್ನೂ ಅವರು ನಮ್ಮ ಕುಟುಂಬಗಳಿಗೆ ಅನುಗ್ರಹಿಸಲಿ. ಆಮೆನ್.